ನಿಯಮದ ಪ್ರೋಗ್ರಾಂ, ಎಂಟು ಕೋರ್: ಪದೇ ಪದೇ ಕೇಳುವ ಪ್ರಶ್ನೆಗಳು

ಪುಣೆಯಲ್ಲಿ ಕನ್ನಡ ಮಾತಾಡುವ ನಾವು ಏಳೆಂಟು ಜನ ತಿಂಗಳಿಗೊಂದು ಭಾನುವಾರ ಕೋಥ್ರೂಡ್‌ನಲ್ಲಿ ಒಬ್ಬರ ಮನೆಯಲ್ಲಿ ಸೇರುತ್ತೇವೆ. ಜಾಸ್ತಿ ಜನ ಬೆಳಗಾವಿ, ವಿಜಯಪುರ, ಧಾರವಾಡದ ಕಡೆಯವರು. ಕೆಲಸ ಹಿಂಜವಡಿಯಲ್ಲೋ ಖರಾಡಿಯಲ್ಲೋ. ಮೊದಲು ಗಿರ್ಮಿಟ್ಟು, ಚಹಾ. ಆಮೇಲೆ ಲ್ಯಾಪ್‌ಟಾಪ್. ಈಗ ಹಿಡಿದಿರುವ ವಿಷಯ, ಪ್ರೋಲಾಗ್, ಡೇಟಾಲಾಗ್ ಅನ್ನುವ ಭಾಷೆಗಳಲ್ಲಿ ಬರೆಯುವ ಥರದ ನಿಯಮದ ಪ್ರೋಗ್ರಾಂಗಳನ್ನು ಹಲವು ಕೋರ್‌ಗಳ ಮೇಲೆ, ಅಂದರೆ ಪ್ರೊಸೆಸರ್ ಒಳಗೆ ಒಟ್ಟಿಗೆ ದುಡಿಯುವ ಹಲವು ಘಟಕಗಳ ಮೇಲೆ, ಓಡಿಸುವುದು. ಹೊಸಬರು ಬಂದಾಗಲೆಲ್ಲ ಅವೇ ಪ್ರಶ್ನೆ, ಅವೇ ಉತ್ತರ. ಪ್ರತಿ ಸಲ ನನ್ನ ಚಹಾ ಆರಿ ಹೋಗುತ್ತದೆ. ಅದಕ್ಕೇ ಇಲ್ಲಿ ಬರೆದಿಟ್ಟಿದ್ದೇನೆ.

ನಿಯಮದ ಪ್ರೋಗ್ರಾಂ ಅಂದರೆ ಏನು?

ಸಾಮಾನ್ಯ ಪ್ರೋಗ್ರಾಂನಲ್ಲಿ ಮೊದಲು ಇದು ಮಾಡು, ಆಮೇಲೆ ಅದು ಮಾಡು ಅಂತ ಹೆಜ್ಜೆ ಹೆಜ್ಜೆಗೂ ಹೇಳುತ್ತೇವೆ. ಇಲ್ಲಿ ಹಾಗಲ್ಲ. ಯಾವುದು ನಿಜ, ಯಾವುದರಿಂದ ಯಾವುದು ನಿಜವಾಗುತ್ತದೆ, ಇಷ್ಟನ್ನೇ ಬರೆಯುತ್ತೇವೆ. ನಮ್ಮೂರ ಬಸ್ಸನ್ನೇ ತಗೊಳ್ಳಿ:

ಬಸ್(ಕೋಥ್ರೂಡ್, ಡೆಕ್ಕನ್).
ಬಸ್(ಡೆಕ್ಕನ್, ಶಿವಾಜಿನಗರ).
ಬಸ್(ಶಿವಾಜಿನಗರ, ಔಂಧ್).
ಬಸ್(ಔಂಧ್, ಹಿಂಜವಡಿ).

ತಲುಪು(_ಅ, _ಬ) :- ಬಸ್(_ಅ, _ಬ).
ತಲುಪು(_ಅ, _ಬ) :- ಬಸ್(_ಅ, _ಮ), ತಲುಪು(_ಮ, _ಬ).

ಮೊದಲ ನಾಲ್ಕು ಸಾಲು ಫ್ಯಾಕ್ಟ್‌ಗಳು. ಕೆಳಗಿನ ಎರಡು ನಿಯಮಗಳು: ನಡುವಿನ :- ಚಿಹ್ನೆಯ ಬಲಗಡೆಯದು ನಿಜವಾದರೆ ಎಡಗಡೆಯದು ನಿಜ, ಕಾಮಾ ಅಂದರೆ ‘ಮತ್ತು’. ನೇರ ಬಸ್ಸಿದ್ದರೆ ತಲುಪಬಹುದು. ಇಲ್ಲದಿದ್ದರೆ ಒಂದು ಬಸ್ ಹಿಡಿದು ನಡುವೆ ಎಲ್ಲೋ ಇಳಿದು, ಅಲ್ಲಿಂದ ದಾರಿ ಇದ್ದರೂ ತಲುಪಬಹುದು. ಲೂಪ್ ಇಲ್ಲ, ಹುಡುಕುವುದು ಹೇಗೆ ಅನ್ನುವ ಮಾತೇ ಇಲ್ಲ. ಕೋಥ್ರೂಡ್‌ನಿಂದ ಎಲ್ಲೆಲ್ಲಿಗೆ ಹೋಗಬಹುದು ಅಂತ ಕೇಳಿದರೆ ನಾಲ್ಕೂ ಊರು ಬರುತ್ತವೆ. (ಇದು ಉದಾಹರಣೆಗೆ ಬರೆದದ್ದು. ಇದನ್ನು ನಂಬಿ ಬಸ್‌ಸ್ಟಾಪಿಗೆ ಹೋಗಬೇಡಿ.)

ಕನ್ನಡದಲ್ಲೇ ಬರೆದರೆ ನಿಜವಾಗ್ಲೂ ಓಡುತ್ತಾ?

ಎಸ್‌ಡಬ್ಲ್ಯುಐ ಪ್ರೋಲಾಗ್‌ನಲ್ಲಿ (ಪ್ರೋಲಾಗ್ ಓಡಿಸುವ ಒಂದು ಸಾಫ್ಟ್‌ವೇರ್, ನಾವು ಬಳಸುವುದು ಅದನ್ನೇ) ಓಡುತ್ತದೆ. ಪ್ರೋಲಾಗ್‌ನಲ್ಲಿ ದೊಡ್ಡಕ್ಷರದಿಂದ ಶುರುವಾದ ಹೆಸರು ವೇರಿಯಬಲ್. ಕನ್ನಡದಲ್ಲಿ ದೊಡ್ಡಕ್ಷರ, ಚಿಕ್ಕಕ್ಷರ ಅಂತಿಲ್ಲವಲ್ಲ. ಹಾಗಾಗಿ ವೇರಿಯಬಲ್ ಮುಂದೆ ಅಡಿಗೆರೆ ಹಾಕಿದರೆ ಆಯಿತು.

ಕ್ರಮವನ್ನೇ ಹೇಳಿಲ್ಲ ಅಂದಮೇಲೆ ಎಂಟೂ ಕೋರ್‌ನಲ್ಲಿ ತಾನಾಗಿಯೇ ಓಡಬೇಕಲ್ವಾ?

ಎಲ್ಲರೂ ಮೊದಲು ಕೇಳುವುದು ಇದನ್ನೇ. ತರ್ಕದ ಮಟ್ಟಿಗೆ ಪ್ರಶ್ನೆ ಸರಿ. ರಾಬರ್ಟ್ ಕೋವಾಲ್ಸ್ಕಿ 1979ರಲ್ಲಿ ಅಲ್ಗಾರಿದಂ ಅಂದರೆ ತರ್ಕ ಮತ್ತು ನಿಯಂತ್ರಣ, ಎರಡೂ ಸೇರಿದ್ದು ಅಂತ ಬರೆದರು. ತರ್ಕ ನಾವು ಬರೆಯುತ್ತೇವೆ. ನಿಯಂತ್ರಣ ಯಂತ್ರದ ಪಾಲು. ಅದನ್ನು ಹೇಗೆ ಬೇಕಾದರೂ ಬದಲಾಯಿಸಬಹುದು ಅನ್ನುವುದೇ ಈ ಬಗೆಯ ಭಾಷೆಗಳ ಆಸೆ.

ಆದರೆ 1972ರಲ್ಲಿ ಮಾರ್ಸೆಯಲ್ಲಿ ಹುಟ್ಟಿದ ಪ್ರೋಲಾಗ್ ಒಂದು ನಿಯಂತ್ರಣವನ್ನು ಗಟ್ಟಿಯಾಗಿ ಹಿಡಿದುಕೊಂಡಿದೆ. ನಿಯಮಗಳನ್ನು ಮೇಲಿನಿಂದ ಕೆಳಕ್ಕೆ, ಒಂದು ನಿಯಮದ ಒಳಗೆ ಎಡದಿಂದ ಬಲಕ್ಕೆ. ದಾರಿ ಮುಚ್ಚಿದರೆ ಹಿಂದಕ್ಕೆ ಬಂದು ಇನ್ನೊಂದು ದಾರಿ, ಇದಕ್ಕೆ ಬ್ಯಾಕ್‌ಟ್ರ್ಯಾಕಿಂಗ್ ಅನ್ನುತ್ತಾರೆ. ಐವತ್ತು ವರ್ಷದಲ್ಲಿ ಬರೆದ ಕೋಡ್ ಎಲ್ಲ ಈ ಕ್ರಮವನ್ನು ನಂಬಿಕೊಂಡು ಕೂತಿದೆ. ಮೇಲೆ ನಾನು ಬರೆದ ಬಸ್ಸಿನ ಎರಡನೇ ನಿಯಮದ ಬಲಗಡೆಯನ್ನೇ ನೋಡಿ. ತಲುಪು ಅನ್ನುವುದನ್ನು ಎಡಕ್ಕೆ, ಬಸ್ ಅನ್ನುವುದನ್ನು ಬಲಕ್ಕೆ ಹಾಕಿದರೆ ತರ್ಕ ಅದೇ, ಆದರೆ ಪ್ರೋಲಾಗ್ ತನ್ನನ್ನೇ ತಾನು ಕರೆಯುತ್ತಾ ಮುಗಿಯುವುದೇ ಇಲ್ಲ. ಕ್ರಮ ಮುಖ್ಯವಲ್ಲ ಅನ್ನುವುದು ಕಾಗದದ ಮೇಲಿನ ಮಾತು.

ಹಾಗಾದರೆ ಒಟ್ಟಿಗೆ ಓಡಿಸಲು ಜಾಗ ಎಲ್ಲಿದೆ?

ಎರಡು ಕಡೆ. ಪುಸ್ತಕದಲ್ಲಿ ಇವಕ್ಕೆ ಆರ್ ಪ್ಯಾರಲಲಿಸಂ, ಆಂಡ್ ಪ್ಯಾರಲಲಿಸಂ ಅನ್ನುತ್ತಾರೆ.

ಆರ್, ಅಂದರೆ ‘ಅಥವಾ’, ಬಾಡಿಗೆ ಮನೆ ಹುಡುಕಿದ ಹಾಗೆ. ನಾಲ್ಕು ಜನ ಗೆಳೆಯರು ಸೇರಿ ಒಂದು ಮನೆ ಹುಡುಕುತ್ತಿದ್ದಾರೆ. ಒಬ್ಬ ಬಾಣೇರ್‌ಗೆ, ಒಬ್ಬ ವಾಕಡ್‌ಗೆ, ಒಬ್ಬ ಹಡಪ್ಸರ್‌ಗೆ, ಇನ್ನೊಬ್ಬ ಬೇರೆಲ್ಲಿಗೋ ಹೋಗುತ್ತಾನೆ. ಒಬ್ಬನ ಹುಡುಕಾಟಕ್ಕೂ ಇನ್ನೊಬ್ಬನದಕ್ಕೂ ಸಂಬಂಧ ಇಲ್ಲ. ಯಾರಿಗೆ ಸಿಕ್ಕರೂ ಕೆಲಸ ಆಯಿತು. ಒಂದೇ ಪ್ರಶ್ನೆಗೆ ಬೇರೆ ಬೇರೆ ನಿಯಮಗಳಿದ್ದಾಗ ಒಂದೊಂದನ್ನು ಒಂದೊಂದು ಕೋರ್‌ಗೆ ಕೊಡುವುದು ಹೀಗೆ. ಒಂದೇ ಉತ್ತರ ಸಾಕು ಅಂದರೆ ಉಳಿದ ಮೂವರು ತಿರುಗಿದ್ದು ದಂಡ, ಅದು ಬೇರೆ ಮಾತು.

ಆಂಡ್, ಅಂದರೆ ‘ಮತ್ತು’, ಹೋಳಿಗೆ ಮಾಡಿದ ಹಾಗೆ. ಇಲ್ಲಿಯವರು ಪುರಣ ಪೋಳಿ ಅಂದರೂ ಕೆಲಸ ಅದೇ. ಒಬ್ಬರು ಹೂರಣ ರುಬ್ಬುವಾಗ ಇನ್ನೊಬ್ಬರು ಕಣಕ ಕಲಸಬಹುದು. ಎರಡೂ ಬೇಕು, ಆದರೆ ಒಂದು ಇನ್ನೊಂದಕ್ಕೆ ಕಾಯಬೇಕಿಲ್ಲ. ಲಟ್ಟಿಸುವವರು ಮಾತ್ರ ಎರಡಕ್ಕೂ ಕಾಯಲೇಬೇಕು. ಪ್ರೋಗ್ರಾಂನಲ್ಲಿ ಈ ಕಾಯುವಿಕೆ ವೇರಿಯಬಲ್‌ನಲ್ಲಿ ಕಾಣುತ್ತದೆ. ಬಸ್(_ಅ, _ಮ) ಮತ್ತು ತಲುಪು(_ಮ, _ಬ) ಎರಡೂ _ಮ ಅನ್ನು ಹಂಚಿಕೊಂಡಿವೆ. ಮೊದಲನೆಯದು _ಮ ಯಾವ ಊರು ಅಂತ ತೀರ್ಮಾನಿಸದೆ ಎರಡನೆಯದನ್ನು ಶುರು ಮಾಡಿದರೆ ಅದು ಊರೂರು ಸುತ್ತಿ ಬೇಡದ ಉತ್ತರಗಳನ್ನೆಲ್ಲ ಹೊತ್ತು ತರುತ್ತದೆ. ನಿಯಮದ ಬಲಗಡೆ ವೇರಿಯಬಲ್ ಹಂಚಿಕೊಳ್ಳದ ಎರಡು ಭಾಗಗಳಿದ್ದರೆ ಒಂದಕ್ಕೊಂದು ಕಾಯಿಸದೆ ಬೇರೆ ಕೋರ್‌ಗೆ ಕೊಡಬಹುದು.

ಆರ್ ಬಗೆಯನ್ನು ಅರೋರಾ, ಮ್ಯೂಸ್ ಅನ್ನುವ ವ್ಯವಸ್ಥೆಗಳು 1980ರ ದಶಕದ ಕೊನೆಗೇ ಮಾಡಿ ತೋರಿಸಿದ್ದವು. ಅಲ್ಲಿ ದೊಡ್ಡ ತಲೆನೋವು ಒಂದೇ ವೇರಿಯಬಲ್‌ಗೆ ಎರಡು ಕೋರ್ ಎರಡು ಬೆಲೆ ಕೊಡುವುದು. ಬಾಣೇರ್‌ಗೆ ಹೋದವನ ಪಾಲಿಗೆ ಬಾಡಿಗೆ 22 ಸಾವಿರ, ಹಡಪ್ಸರ್‌ಗೆ ಹೋದವನ ಪಾಲಿಗೆ 17 ಸಾವಿರ. ಇಬ್ಬರೂ ಒಂದೇ ನೋಟ್‌ಬುಕ್ಕಿನ ಅದೇ ಸಾಲಿನಲ್ಲಿ ಬರೆಯುವ ಹಾಗಿಲ್ಲ. ಮ್ಯೂಸ್ ಕಂಡುಕೊಂಡ ಉಪಾಯ ಸರಳ. ಕೆಲಸ ಹಂಚುವಾಗ ಅಲ್ಲಿಯವರೆಗಿನ ಸ್ಟಾಕನ್ನು (ಕೆಲಸ ಎಲ್ಲಿಗೆ ಬಂದಿದೆ ಅಂತ ಬರೆದಿಟ್ಟುಕೊಳ್ಳುವ ಮೆಮೊರಿಯನ್ನು) ನಕಲು ಮಾಡಿ ಕೊಟ್ಟುಬಿಡುವುದು.

ಎಂಟು ಥ್ರೆಡ್ ಹಾಕಿದೆ, ಮೊದಲಿಗಿಂತ ನಿಧಾನ ಆಯ್ತು. ಯಾಕೆ?

ಸಂತೋಷ ಆಯ್ತು, ನೀವೂ ನಮ್ಮವರೇ. ಇದು ನನಗೂ ಆಗಿದೆ. (ಥ್ರೆಡ್ ಅಂದರೆ ಒಂದೇ ಪ್ರೋಗ್ರಾಂ ಒಳಗೆ ಬೇರೆಯಾಗಿ ಓಡುವ ಒಂದು ಎಳೆ. ಒಂದೊಂದು ಥ್ರೆಡ್ ಒಂದೊಂದು ಕೋರ್ ಮೇಲೆ ಓಡಬಹುದು.)

ನನ್ನ ಹತ್ತಿರ ಸುಮಾರು 4 ಲಕ್ಷ ವಿಳಾಸ ಇದ್ದವು. ಪಿನ್ ಕೋಡ್ 411ರಿಂದ ಶುರುವಾದರೆ ಊರು ಪುಣೆ ಅಂತ ಇರಬೇಕು, 590 ಆದರೆ ಬೆಳಗಾವಿ, ಈ ಥರದ ಪುಟ್ಟ ನಿಯಮಗಳು. ಒಂದೇ ಥ್ರೆಡ್‌ನಲ್ಲಿ ಮೂರು ಸೆಕೆಂಡಿನೊಳಗೆ ಮುಗಿಯುತ್ತಿತ್ತು. ಸುಮ್ನೆ ಇರಲಾರದೆ, ಪಟ್ಟಿಯ ಒಂದೊಂದಕ್ಕೂ ಅದೇ ಕೆಲಸ ಮಾಡುವ ಮ್ಯಾಪ್‌ಲಿಸ್ಟ್ ಇದ್ದ ಕಡೆ, ಅದನ್ನೇ ಥ್ರೆಡ್‌ಗಳಿಗೆ ಹಂಚುವ ಕಾನ್‌ಕರೆಂಟ್ ಮ್ಯಾಪ್‌ಲಿಸ್ಟ್ ಅಂತ ಬದಲಾಯಿಸಿದೆ. ಒಂದೇ ಪದ ತಾನೇ, ಏನಾಗುತ್ತದೆ? ಫ್ಯಾನ್ ಗುಂಯ್ ಅಂತ ಶುರುವಾಯಿತು. ಎಂಟೂ ಕೋರ್ ಕೆಂಪು. ಒಂಬತ್ತು ಸೆಕೆಂಡು!

ಆದದ್ದು ಇಷ್ಟು. ಎಸ್‌ಡಬ್ಲ್ಯುಐನಲ್ಲಿ ಪ್ರತಿ ಥ್ರೆಡ್‌ಗೂ ಅದರದ್ದೇ ಸ್ಟಾಕ್. ಒಂದು ಥ್ರೆಡ್‌ನಿಂದ ಇನ್ನೊಂದಕ್ಕೆ ಕೆಲಸ ಕಳಿಸಬೇಕಾದರೆ ಅದನ್ನು ನಕಲು ಮಾಡಿ ಸರತಿಗೆ ಹಾಕಬೇಕು, ಉತ್ತರವನ್ನೂ ನಕಲು ಮಾಡಿ ವಾಪಸ್ ತರಬೇಕು. ನನ್ನ ಒಂದೊಂದು ವಿಳಾಸದ ಕೆಲಸ ಕೆಲವೇ ಮೈಕ್ರೋಸೆಕೆಂಡು. ಕಳಿಸುವ ಖರ್ಚು ಅದಕ್ಕಿಂತ ಜಾಸ್ತಿ. ಒಂದೊಂದು ಕೊತ್ತಂಬರಿ ಎಲೆಯನ್ನೂ ಕೊರಿಯರ್ ಮಾಡಿದ ಹಾಗೆ.

ಸರಿಪಡಿಸಿದ್ದು ಹೀಗೆ. ಪಟ್ಟಿಯನ್ನು 50,000ದಂತೆ ಎಂಟು ಕಟ್ಟು ಮಾಡಿದೆ. ಥ್ರೆಡ್‌ಗೆ ವಿಳಾಸಗಳನ್ನು ಕೊಡದೆ, ಇಷ್ಟರಿಂದ ಇಷ್ಟರವರೆಗೆ ನಿನ್ನದು ಅಂತ ಎರಡು ಅಂಕಿ ಮಾತ್ರ ಕೊಟ್ಟೆ. ವಿಳಾಸಗಳೆಲ್ಲ ಫ್ಯಾಕ್ಟ್ ಆಗಿಯೇ ಕೂತಿದ್ದವು. ಫ್ಯಾಕ್ಟ್ ಮತ್ತು ನಿಯಮಗಳು ಎಲ್ಲ ಥ್ರೆಡ್‌ಗೂ ಸಾಮಾನ್ಯ, ಅವು ನಕಲಾಗುವುದಿಲ್ಲ. ಆಮೇಲೆ ಒಂದು ಸೆಕೆಂಡಿಗೂ ಕಡಿಮೆ. ಉಳಿಸಿದ್ದು ಎರಡು ಸೆಕೆಂಡು, ಕಳೆದದ್ದು ಒಂದು ಶನಿವಾರ. ಲೆಕ್ಕ ನೀವೇ ಹಾಕಿ.

ಹಾಗಾದರೆ ಹಂಚುವುದು ಯಾವ ಮಟ್ಟದಲ್ಲಿ?

ಎಷ್ಟು ಹೊರಗೆ ಸಾಧ್ಯವೋ ಅಷ್ಟು ಹೊರಗೆ. ನಿಯಮದ ಒಳಗೆ ಕೈ ಹಾಕುವ ಮೊದಲು, ಈ ಇಡೀ ಪ್ರೋಗ್ರಾಮನ್ನೇ ಬೇರೆ ಬೇರೆ ಡೇಟಾದ ಮೇಲೆ ಎಂಟು ಸಲ ಓಡಿಸಬಹುದಾ ಅಂತ ನೋಡಿ. ಮುಕ್ಕಾಲು ಪಾಲು ಸಮಸ್ಯೆಗಳಿಗೆ ಅಷ್ಟೇ ಸಾಕು. ಇದರಲ್ಲಿ ಜಾಣತನ ಏನೂ ಕಾಣುವುದಿಲ್ಲ, ನಿಜ. ಆದರೆ ನಮ್ಮ ಗುಂಪಿನಲ್ಲಿ ಇದುವರೆಗೆ ಗೆದ್ದ ಉಪಾಯ ಇದೊಂದೇ.

ಎಂಟು ಕೋರ್ ಇದ್ದರೆ ಎಂಟು ಪಟ್ಟು ಬೇಗ ಆಗಬೇಕು, ಅಲ್ವಾ?

ಮತ್ತೆ ಹೋಳಿಗೆಗೆ ಬನ್ನಿ. ಹೂರಣಕ್ಕೆ ನಾಲ್ಕು ಜನ, ಲಟ್ಟಿಸಲು ನಾಲ್ಕು ಜನ. ಬೇಯಿಸುವ ಹಂಚು ಮಾತ್ರ ಒಂದೇ. ಆಗ ಊಟದ ಹೊತ್ತನ್ನು ತೀರ್ಮಾನಿಸುವುದು ಆ ಹಂಚು. ಜೀನ್ ಅಮ್ದಾಲ್ 1967ರಲ್ಲೇ ಇದರ ಲೆಕ್ಕ ಮುಂದಿಟ್ಟಿದ್ದರು. ಕೆಲಸದ ನೂರಕ್ಕೆ 90 ಭಾಗವನ್ನು ಹಂಚಬಹುದು, 10 ಭಾಗ ಒಬ್ಬರೇ ಮಾಡಬೇಕು ಅಂದರೆ ಎಂಟು ಕೋರ್‌ಗೆ ಸಿಗುವುದು ಸುಮಾರು 4.7 ಪಟ್ಟು. ಸಾವಿರ ಕೋರ್ ಹಾಕಿದರೂ ಹತ್ತು ಪಟ್ಟು ದಾಟುವುದಿಲ್ಲ. ಫೈಲ್ ಓದುವುದು, ಫ್ಯಾಕ್ಟ್ ಲೋಡ್ ಮಾಡುವುದು, ಕೊನೆಗೆ ಉತ್ತರ ಸೇರಿಸುವುದು, ಇವೇ ನಮ್ಮ ಹಂಚುಗಳು.

ಜೊತೆಗೆ, ಲ್ಯಾಪ್‌ಟಾಪ್ ಎಂಟು ಅಂತ ತೋರಿಸಿದರೂ ಒಳಗೆ ನಾಲ್ಕೇ ನಿಜವಾದ ಕೋರ್ ಇರಬಹುದು. ಒಂದೊಂದು ಕೋರ್ ಎರಡು ಥ್ರೆಡ್ ಹೊತ್ತಿರುತ್ತದೆ. ನಿಯಮದ ಪ್ರೋಗ್ರಾಂಗಳು ಮೆಮೊರಿಯಲ್ಲಿ ಅಲ್ಲಿಂದಿಲ್ಲಿಗೆ ಜಾಸ್ತಿ ಹಾರುತ್ತವೆ. ಎಲ್ಲ ಕೋರ್‌ಗೂ ಮೆಮೊರಿಗೆ ಹೋಗುವ ದಾರಿ ಒಂದೇ. ಬೆಳಿಗ್ಗೆ ಒಂಬತ್ತಕ್ಕೆ ಹಿಂಜವಡಿ ಫ್ಲೈಓವರ್ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಕಟ್, ಪ್ರಿಂಟ್, ಅಸರ್ಟ್ ಬಳಸಬಹುದಾ?

ಪ್ರಿಂಟ್ ಮಾಡಿದರೆ ಸಾಲುಗಳು ಕಲಸಿಹೋಗುತ್ತವೆ, ಅಷ್ಟೇ. ಕಟ್ ಅಂದರೆ ಆಶ್ಚರ್ಯಸೂಚಕ ಚಿಹ್ನೆ. ಇಲ್ಲಿಗೆ ಬಂದ ಮೇಲೆ ಬೇರೆ ದಾರಿ ನೋಡಬೇಡ ಅನ್ನುತ್ತದೆ. ಆದರೆ ಬೇರೆ ಕೋರ್ ಆಗಲೇ ಆ ದಾರಿಯಲ್ಲಿ ಅರ್ಧ ಹೋಗಿದ್ದರೆ? ಆ ಕೆಲಸ ಎಸೆಯಬೇಕು. ಆರ್ ಬಗೆಯಲ್ಲಿ ಓಡಿಸುವ ಆಸೆ ಇದ್ದರೆ ಕಟ್ ಕಡಿಮೆ ಮಾಡಿ.

ಓಡುವಾಗಲೇ ಫ್ಯಾಕ್ಟ್ ಸೇರಿಸುವ ಅಸರ್ಟ್, ತೆಗೆಯುವ ರಿಟ್ರಾಕ್ಟ್, ಇವು ನಿಜವಾದ ಅಪಾಯ. ಎಣಿಕೆ(41) ಅನ್ನುವ ಫ್ಯಾಕ್ಟ್ ಇದೆ ಅಂದುಕೊಳ್ಳಿ. ಎರಡು ಥ್ರೆಡ್ ಒಂದೇ ಕ್ಷಣಕ್ಕೆ 41 ಅಂತ ಓದುತ್ತವೆ. ಎರಡೂ ಒಂದು ಕೂಡಿಸಿ 42 ಅಂತ ಬರೆಯುತ್ತವೆ. 43 ಆಗಬೇಕಿತ್ತು. ಮ್ಯೂಟೆಕ್ಸ್ (ಒಂದು ಸಲಕ್ಕೆ ಒಬ್ಬರನ್ನೇ ಒಳಗೆ ಬಿಡುವ ಬೀಗ) ಹಾಕಿ ತಡೆಯಬಹುದು, ಆದರೆ ಆಗ ಎಲ್ಲರೂ ಬಾಗಿಲಲ್ಲಿ ಸಾಲು ನಿಲ್ಲುತ್ತಾರೆ. ಪ್ರತಿ ಥ್ರೆಡ್‌ಗೂ ಅದರದ್ದೇ ಎಣಿಕೆ ಕೊಟ್ಟು ಕೊನೆಗೆ ಕೂಡಿಸುವುದು ಒಳ್ಳೆಯದು.

ಡೇಟಾಲಾಗ್‌ನಲ್ಲಿ ಈ ತಾಪತ್ರಯ ಕಡಿಮೆ ಅಂತಾರೆ. ಹೌದಾ?

ಹೌದು. ಅಲ್ಲಿ ಕಟ್ ಇಲ್ಲ, ಪ್ರಿಂಟ್ ಇಲ್ಲ, ಕ್ರಮದ ಮೇಲೆ ಯಾರೂ ನಂಬಿಕೆ ಇಟ್ಟಿಲ್ಲ. ಓಡುವ ರೀತಿಯೂ ಬೇರೆ. ಪ್ರಶ್ನೆಯಿಂದ ಹಿಂದಕ್ಕೆ ಹೋಗದೆ ಫ್ಯಾಕ್ಟ್‌ಗಳಿಂದ ಮುಂದಕ್ಕೆ, ಸುತ್ತು ಸುತ್ತಾಗಿ ಹೋಗುತ್ತದೆ. ನಮ್ಮ ಬಸ್ಸಿನಲ್ಲಿ ಮೊದಲ ಸುತ್ತಿಗೆ ನಾಲ್ಕು ನೇರ ಜೋಡಿ. ಎರಡನೆಯದಕ್ಕೆ ಒಂದು ಕಡೆ ಬಸ್ ಬದಲಾಯಿಸುವ ಮೂರು ಹೊಸ ಜೋಡಿ. ಮೂರನೆಯದಕ್ಕೆ ಎರಡು, ನಾಲ್ಕನೆಯದಕ್ಕೆ ಒಂದು. ಹೊಸದೇನೂ ಬರದಿದ್ದಾಗ ನಿಲ್ಲುತ್ತದೆ. ಒಟ್ಟು ಹತ್ತು. ಜಾಣತನ ಇರುವುದು ಇಲ್ಲಿ: ಪ್ರತಿ ಸುತ್ತಿನಲ್ಲೂ ಹಿಂದಿನ ಸುತ್ತಿಗೆ ಹೊಸದಾಗಿ ಬಂದದ್ದನ್ನು ಮಾತ್ರ ಮುಟ್ಟುತ್ತದೆ. ಹಳೆಯದನ್ನೆಲ್ಲ ಮತ್ತೆ ಜಾಲಾಡುವುದಿಲ್ಲ. ಇದಕ್ಕೆ ಸೆಮಿ ನೈವ್ ಅನ್ನುತ್ತಾರೆ.

ಒಂದು ಸುತ್ತಿನಲ್ಲಿ ಲಕ್ಷ ಹೊಸ ಫ್ಯಾಕ್ಟ್ ಇದ್ದರೆ ಎಂಟು ಕೋರ್‌ಗೆ ಹಂಚುವುದು ಸುಲಭ. ಕಷ್ಟ ಬರುವುದು ಉತ್ತರವನ್ನು ಇಡುವಾಗ. ಎಲ್ಲರೂ ಒಂದೇ ಗುಡ್ಡೆಗೆ ಹಾಕಬೇಕು, ಒಂದೇ ಫ್ಯಾಕ್ಟ್ ಎರಡು ಸಲ ಬೀಳಬಾರದು. ಒರಾಕಲ್ ಲ್ಯಾಬ್ಸ್‌ನಲ್ಲಿ ಶುರುವಾದ ಸುಫ್ಲೆ ಅನ್ನುವ ಡೇಟಾಲಾಗ್ ವ್ಯವಸ್ಥೆ ಇದಕ್ಕೆಂದೇ, ಹಲವು ಥ್ರೆಡ್ ಒಟ್ಟಿಗೆ ಫ್ಯಾಕ್ಟ್ ಸೇರಿಸಬಹುದಾದ ಬಿ ಟ್ರೀ (ಡೇಟಾವನ್ನು ಕ್ರಮವಾಗಿ ಜೋಡಿಸಿಡುವ ಮರದಂಥ ರಚನೆ) ಕಟ್ಟಿಕೊಂಡಿದೆ. ಅದು ನಿಯಮಗಳನ್ನು ಸಿ ಪ್ಲಸ್ ಪ್ಲಸ್ ಆಗಿ ಬದಲಾಯಿಸಿ ಓಪನ್ ಎಂಪಿ (ಕೆಲಸವನ್ನು ಥ್ರೆಡ್‌ಗಳಿಗೆ ಹಂಚಿಕೊಡುವ ಸೌಲಭ್ಯ) ಮೂಲಕ ಓಡಿಸುತ್ತದೆ. ಎಷ್ಟು ಥ್ರೆಡ್ ಬೇಕು ಅಂತ ಹೇಳುವುದಷ್ಟೇ ನಮ್ಮ ಕೆಲಸ. ತಾನಾಗಿಯೇ ಓಡಬೇಕಲ್ವಾ ಅಂತ ಮೇಲೆ ಕೇಳಿದಿರಲ್ಲ, ಆ ಕನಸಿಗೆ ಅತಿ ಹತ್ತಿರ ಬಂದಿರುವುದು ಇದು.

ಸುತ್ತುಗಳೇ ಕಡಿಮೆ ಆಗುವ ಹಾಗೆ ನಿಯಮ ಬರೆಯಬಹುದಾ?

ಬರೆಯಬಹುದು. ನಾನು ಇದನ್ನು ಕಂಡು ಒಂದು ಸಂಜೆ ಪೂರ್ತಿ ಕುಣಿದಿದ್ದೆ. ಒಂದೇ ಸಾಲಿನಲ್ಲಿ 1000 ಬಸ್ ಇವೆ ಅಂದುಕೊಳ್ಳಿ, ಒಂದರ ಕೊನೆಗೆ ಇನ್ನೊಂದು. ಮೇಲಿನ ನಿಯಮಕ್ಕೆ 1000 ಸುತ್ತು ಬೇಕು. ಪ್ರತಿ ಸುತ್ತಿನ ಕೊನೆಗೂ ಎಲ್ಲ ಕೋರ್‌ಗಳು ಒಬ್ಬರಿಗೊಬ್ಬರು ಕಾಯಬೇಕು. ಈಗ ಎರಡನೇ ನಿಯಮವನ್ನು ಹೀಗೆ ಬದಲಾಯಿಸಿ:

ತಲುಪು(_ಅ, _ಬ) :- ತಲುಪು(_ಅ, _ಮ), ತಲುಪು(_ಮ, _ಬ).

ಇಲ್ಲಿ ದೂರ ಪ್ರತಿ ಸುತ್ತಿಗೂ ದುಪ್ಪಟ್ಟು. ಒಂದು, ಎರಡು, ನಾಲ್ಕು, ಎಂಟು. 1000 ದಾಟಲು ಸುಮಾರು 11 ಸುತ್ತು ಸಾಕು.

ಮರುದಿನ ಬೆಳಿಗ್ಗೆ ಹಳೇ ಕರೆಂಟ್ ಬಿಲ್ಲಿನ ಹಿಂದೆ ಲೆಕ್ಕ ಹಾಕಿದೆ. ಮೊದಲ ರೀತಿಯಲ್ಲಿ ಒಂದೊಂದು ಜೋಡಿಯೂ ಒಂದೇ ಸಲ ಹುಟ್ಟುತ್ತದೆ. ಒಟ್ಟು 5 ಲಕ್ಷ ಚಿಲ್ಲರೆ. ಎರಡನೇ ರೀತಿಯಲ್ಲಿ, ನಡುವೆ ಎಷ್ಟು ಸ್ಟಾಪ್ ಇವೆಯೋ ಅಷ್ಟು ಸಲ ಅದೇ ಜೋಡಿ ಮತ್ತೆ ಮತ್ತೆ ಹುಟ್ಟುತ್ತದೆ. ಒಟ್ಟು 16 ಕೋಟಿಗೂ ಜಾಸ್ತಿ. ಮುನ್ನೂರು ಪಟ್ಟು ಕೆಲಸ ಹೆಚ್ಚಿಸಿಕೊಂಡು ಅದನ್ನು ಎಂಟು ಜನಕ್ಕೆ ಹಂಚಿದರೆ ಏನು ಬಂತು? ನಮ್ಮ ಲ್ಯಾಪ್‌ಟಾಪಿಗೆ ಮೊದಲ ರೀತಿಯೇ ಸರಿ. ಸುತ್ತು ಎಷ್ಟು, ಒಟ್ಟು ಕೆಲಸ ಎಷ್ಟು, ಎರಡನ್ನೂ ನೋಡಿ.

ಕ್ಲಿಂಗೊದಲ್ಲಿ?

ಕ್ಲಿಂಗೊ ಅಂದರೆ, ನಿಯಮ ಬರೆದುಕೊಟ್ಟರೆ ಅವಕ್ಕೆಲ್ಲ ಒಪ್ಪುವ ಉತ್ತರ ಹುಡುಕಿಕೊಡುವ, ಜರ್ಮನಿಯ ಪೋಟ್ಸ್‌ಡಾಂ ವಿಶ್ವವಿದ್ಯಾಲಯದ ಸಾಫ್ಟ್‌ವೇರ್. ಅದರಲ್ಲಿ ಒಟ್ಟಿಗೆ ಓಡಿಸಲು ಎರಡು ಬಗೆ ಇದೆ. ಒಂದರಲ್ಲಿ ಎಲ್ಲ ಥ್ರೆಡ್‌ಗಳೂ ಇಡೀ ಸಮಸ್ಯೆಯನ್ನು ಬೇರೆ ಬೇರೆ ತಂತ್ರದಿಂದ ಬಿಡಿಸಲು ಓಡುತ್ತವೆ, ಗೆದ್ದವರ ಉತ್ತರ. ಇನ್ನೊಂದರಲ್ಲಿ ಹುಡುಕುವ ಜಾಗವನ್ನೇ ಹಂಚಿಕೊಳ್ಳುತ್ತವೆ. ಏನೂ ಹೇಳದೆ ಥ್ರೆಡ್ ಸಂಖ್ಯೆ ಮಾತ್ರ ಕೊಟ್ಟರೆ ಮೊದಲನೆಯದು. ಮೊದಲು ಅದನ್ನೇ ಮಾಡಿ ನೋಡಿ.

ಆಫೀಸಿನಲ್ಲಿ ರೂಲ್ ಎಂಜಿನ್ ಇದೆ. ಅದರ ಕಥೆ ಏನು?

ಇಂಥ ಎಂಜಿನ್‌ಗಳು ಬಹುತೇಕ, ಯಾವ ನಿಯಮ ಹೊಂದುತ್ತದೆ ಅಂತ ಬೇಗ ಕಂಡುಹಿಡಿಯುವ ರೀಟ್ ಅಲ್ಗಾರಿದಂನ ಮಕ್ಕಳು, ಮೊಮ್ಮಕ್ಕಳು. ಚಾರ್ಲ್ಸ್ ಫೋರ್ಗಿ ಅದನ್ನು 1970ರ ದಶಕದಲ್ಲಿ ಕಾರ್ನೆಗಿ ಮೆಲನ್‌ನಲ್ಲಿ ಕಟ್ಟಿದರು. ಎಂಜಿನ್ ಮಾಡುವುದು ಇಷ್ಟು: ಯಾವ ನಿಯಮಗಳು ಹೊಂದುತ್ತವೆ ನೋಡು, ಒಂದನ್ನು ಆರಿಸು, ನಡೆಸು, ಮತ್ತೆ ನೋಡು. ಆರಿಸಿ ನಡೆಸುವುದು ಒಂದೊಂದೇ ಆದ್ದರಿಂದ ಅಲ್ಲೇ ಗಂಟು. ಅದೇ ವಿಶ್ವವಿದ್ಯಾಲಯದಲ್ಲಿ ಅನೂಪ್ ಗುಪ್ತಾ 1986ರ ತಮ್ಮ ಪ್ರಬಂಧದಲ್ಲಿ ಇದನ್ನು ಅಳೆದು ನೋಡಿದರು. ಎಷ್ಟೇ ಪ್ರೊಸೆಸರ್ ಕೊಟ್ಟರೂ ಸಿಗುವ ವೇಗ ಹತ್ತು ಪಟ್ಟಿಗಿಂತ ಕಡಿಮೆ. ನಿಯಮಗಳು ಸಾವಿರ ಇದ್ದರೂ ಒಂದು ಬದಲಾವಣೆಯಿಂದ ತಟ್ಟುವುದು ಕೆಲವಕ್ಕೆ ಮಾತ್ರ.

ಆದರೆ ನಿಮ್ಮ ಆಫೀಸಿನಲ್ಲಿ ಗ್ರಾಹಕರು ಲಕ್ಷಗಟ್ಟಲೆ ಇದ್ದಾರಲ್ವಾ? ಒಬ್ಬರ ಸಾಲದ ಅರ್ಜಿಗೂ ಇನ್ನೊಬ್ಬರದ್ದಕ್ಕೂ ಸಂಬಂಧ ಇಲ್ಲ. ಒಂದೊಂದು ಅರ್ಜಿಗೆ ಒಂದೊಂದು ಸೆಶನ್ (ಎಂಜಿನ್ನಿನ ಒಂದು ಪ್ರತ್ಯೇಕ ಓಟ) ಕೊಡಿ, ಸೆಶನ್‌ಗಳನ್ನು ಕೋರ್‌ಗಳಿಗೆ ಹಂಚಿ. ಎಂಜಿನ್ನಿನ ಹೊಟ್ಟೆ ಬಗೆಯಬೇಕಿಲ್ಲ.

ಜಪಾನಿನವರು ಇದನ್ನೇ ಮಾಡಲು ಹೋಗಿ ಸೋತರಂತೆ?

1982ರಲ್ಲಿ ಶುರು ಮಾಡಿದ ಐದನೇ ಪೀಳಿಗೆಯ ಕಂಪ್ಯೂಟರ್ ಯೋಜನೆ. ತರ್ಕದ ಭಾಷೆಯನ್ನೇ ನಡುವೆ ಇಟ್ಟು, ಅದನ್ನು ಓಡಿಸಲು ಸಾಲು ಸಾಲು ಪ್ರೊಸೆಸರ್ ಇರುವ ವಿಶೇಷ ಯಂತ್ರಗಳನ್ನೇ ಕಟ್ಟಿದರು. ಸೋತರು ಅನ್ನುವುದು ಅರ್ಧ ಸತ್ಯ. ಯಂತ್ರಗಳು ಕೆಲಸ ಮಾಡಿದವು. ಆದರೆ ಆಗ ಅಂಗಡಿಯಲ್ಲಿ ಸಿಗುವ ಮಾಮೂಲಿ ಪ್ರೊಸೆಸರ್ ವರ್ಷ ವರ್ಷಕ್ಕೂ ತಾನಾಗಿಯೇ ವೇಗವಾಗುತ್ತಿತ್ತು. ವಿಶೇಷ ಯಂತ್ರ ಯಾರಿಗೆ ಬೇಕು? ಆ ಪುಕ್ಕಟೆ ವೇಗ 2005ರ ಹೊತ್ತಿಗೆ ನಿಂತಿತು. ಡೆಸ್ಕ್‌ಟಾಪಿಗೆ ಎರಡು ಕೋರ್ ಬಂದದ್ದೂ ಅದೇ ವರ್ಷ. ಹಾಗಾಗಿ ನಾವು ಹಳೇ ಪ್ರಬಂಧಗಳ ಧೂಳು ಕೊಡವುತ್ತಿದ್ದೇವೆ.

ನಮ್ಮ ಕಡೆಯೂ ಇದರ ಬಿಸಿ ತಟ್ಟಿತ್ತು. 1986ರಲ್ಲಿ ಭಾರತ ಜ್ಞಾನಾಧಾರಿತ ಕಂಪ್ಯೂಟರ್ ವ್ಯವಸ್ಥೆಗಳ ಯೋಜನೆ ಶುರು ಮಾಡಿದಾಗ ಮುಂಬಯಿಯ ಎನ್‌ಸಿಎಸ್‌ಟಿ ಮತ್ತು ಟಿಐಎಫ್‌ಆರ್ ಅನ್ನುವ ಸಂಶೋಧನಾ ಸಂಸ್ಥೆಗಳು ಅದರಲ್ಲಿದ್ದವು. ಪುಣೆಯ ಸಿ ಡ್ಯಾಕ್ ಸಂಸ್ಥೆ 1991ರಲ್ಲಿ ಪರಮ್ 8000 ಅನ್ನುವ ಸೂಪರ್ ಕಂಪ್ಯೂಟರ್ ಕಟ್ಟಿತು. ಅದರಲ್ಲಿದ್ದದ್ದು ಟ್ರಾನ್ಸ್‌ಪ್ಯೂಟರ್ ಅನ್ನುವ ಪ್ರೊಸೆಸರ್‌ಗಳು, ಪ್ರತಿಯೊಂದಕ್ಕೂ ಅದರದ್ದೇ ಮೆಮೊರಿ, ಮಾತುಕತೆ ಸಂದೇಶದ ಮೂಲಕ. ನಮ್ಮ ಲ್ಯಾಪ್‌ಟಾಪಿನ ಕೋರ್‌ಗಳದ್ದು ಒಂದೇ ಮೆಮೊರಿ, ಒಟ್ಟು ಕುಟುಂಬ. ಎರಡರ ಜಗಳಗಳೂ ಬೇರೆ ಬೇರೆ.

ಜಿಪಿಯು ಮೇಲೆ ಓಡಿಸಿದರೆ?

ಪ್ರೋಲಾಗ್ ಅಂದರೆ ಬೇಡ. ಜಿಪಿಯು ಅಂದರೆ ಗ್ರಾಫಿಕ್ಸ್ ಚಿಪ್, ಅಲ್ಲಿ ಸಾವಿರ ಜನ ಒಂದೇ ಹೆಜ್ಜೆ ಹಾಕಬೇಕು. ಬ್ಯಾಕ್‌ಟ್ರ್ಯಾಕಿಂಗ್‌ನಲ್ಲಿ ಒಬ್ಬೊಬ್ಬರದ್ದು ಒಂದೊಂದು ದಿಕ್ಕು. ಡೇಟಾಲಾಗ್‌ನ ದೊಡ್ಡ ಜಾಯಿನ್‌ಗಳಿಗೆ, ಅಂದರೆ ಎರಡು ಪಟ್ಟಿಗಳನ್ನು ಹೊಂದಿಸಿ ಜೋಡಿಸುವ ಕೆಲಸಕ್ಕೆ, ಹೊಂದುತ್ತದೆ.

ಒಟ್ಟಿಗೆ ಓಡಿಸಿದಾಗ ಉತ್ತರದ ಕ್ರಮ ಪ್ರತಿ ಸಲ ಬೇರೆ ಬರುತ್ತೆ. ತಪ್ಪಾ?

ತಪ್ಪಲ್ಲ. ಯಾವ ಥ್ರೆಡ್ ಮೊದಲು ಮುಗಿಸಿತೋ ಅದರ ಉತ್ತರ ಮೊದಲು. ಟೆಸ್ಟ್ ಬರೆಯುವಾಗ ಎರಡೂ ಕಡೆ ಸಾರ್ಟ್ ಮಾಡಿ ಹೋಲಿಸಿ. ಸಾರ್ಟ್ ಮಾಡಿದ ಮೇಲೂ ಬೇರೆ ಬಂದರೆ ಎಲ್ಲೋ ಅಸರ್ಟ್ ಅಡಗಿ ಕೂತಿದೆ, ಹುಡುಕಿ.

ವೇಗ ಅಳೆಯುವುದು ಹೇಗೆ? ಭಾನುವಾರ ಬರುವಾಗ ಏನು ತರಬೇಕು?

ಗೋಡೆ ಗಡಿಯಾರದ ಸಮಯ ನೋಡಿ, ಸಿಪಿಯು ಸಮಯ ಅಲ್ಲ. ಎಂಟು ಕೋರ್ ಒಂದು ಸೆಕೆಂಡು ದುಡಿದರೆ ಸಿಪಿಯು ಸಮಯ ಎಂಟು ಸೆಕೆಂಡು ಅಂತ ತೋರಿಸಿ ಹೆದರಿಸುತ್ತದೆ. ಮೊದಲು ಒಂದು ಥ್ರೆಡ್, ಆಮೇಲೆ ಎರಡು, ನಾಲ್ಕು, ಎಂಟು. ಪ್ರತಿಯೊಂದನ್ನೂ ಐದು ಸಲ ಓಡಿಸಿ ನಡುವಿನದ್ದನ್ನು ಬರೆದುಕೊಳ್ಳಿ.

ಚಾರ್ಜರ್ ತಪ್ಪದೆ ತನ್ನಿ. ಬ್ಯಾಟರಿಯಲ್ಲಿದ್ದಾಗ ಲ್ಯಾಪ್‌ಟಾಪ್ ವೇಗ ಇಳಿಸಿಕೊಂಡುಬಿಡುತ್ತದೆ. ಹೋದ ತಿಂಗಳು ಒಬ್ಬರು ಒಂದು ಥ್ರೆಡ್ಡನ್ನು ಚಾರ್ಜರ್ ಹಾಕಿ, ಎಂಟು ಥ್ರೆಡ್ಡನ್ನು ಬ್ಯಾಟರಿ ಮೇಲೆ ಅಳೆದು, ಪ್ಯಾರಲಲ್ ಅನ್ನುವುದೇ ಸುಳ್ಳು ಅಂತ ಒಂದು ಗಂಟೆ ವಾದ ಮಾಡಿದರು. ಎಕ್ಸ್‌ಟೆನ್ಶನ್ ಬೋರ್ಡ್ ಮನೆಯಲ್ಲಿ ಎರಡೇ ಇವೆ, ಇದ್ದರೆ ಒಂದು ತನ್ನಿ.